ಇಳಿವಯಸ್ಸಿನ ಆಯವ್ಯಯ

ಮಗಳ ಮದುವೆಗೆ ಎಷ್ಟು ಖರ್ಚಾದೀತೆಂದು ನಾವು ಎರಡು ವರ್ಷ ಮೊದಲೇ ಲೆಕ್ಕ ಹಾಕುತ್ತೇವೆ. ಮನೆ ಕಟ್ಟುವಾಗ ಕಲ್ಲೆಷ್ಟು, ಮರವೆಷ್ಟು, ಕೂಲಿಯೆಷ್ಟು ಎಂದು ಬರೆದಿಡುತ್ತೇವೆ. ತಮ್ಮ ಉತ್ತರಕ್ರಿಯೆಗೆಂದು ಬ್ಯಾಂಕಿನಲ್ಲಿ ಬೇರೆಯಾಗಿಯೇ ಹಣವಿಟ್ಟ ಹಿರಿಯರನ್ನೂ ನಾನು ಬಲ್ಲೆ. ಆದರೆ ದುಡಿಮೆ ನಿಂತ ದಿನಕ್ಕೂ ಉತ್ತರಕ್ರಿಯೆಯ ದಿನಕ್ಕೂ ನಡುವೆ ಇರುವ ಹದಿನೈದು ಇಪ್ಪತ್ತು ವರ್ಷಗಳಿಗೆ ಏನು ಬೇಕು, ಅದನ್ನು ಯಾರು ಕೊಡಬೇಕು ಎಂಬ ಲೆಕ್ಕವನ್ನು ಮಾತ್ರ ಯಾವ ಮನೆಯ ಪುಸ್ತಕದಲ್ಲಿಯೂ ಕಾಣೆ. ಅದನ್ನು ಎತ್ತಿದರೆ ಮಕ್ಕಳ ಮೇಲೆ ನಂಬಿಕೆಯಿಲ್ಲವೆಂದು ತಂದೆತಾಯಿಗಳು ಹೇಳಿದಂತಾಗುತ್ತದೆ. ಮಕ್ಕಳು ಎತ್ತಿದರೆ ಹೊರೆಯೆಂದು ಎಣಿಸಿದಂತಾಗುತ್ತದೆ. ಹೀಗೆ ಇಬ್ಬರೂ ಸುಮ್ಮನಿರುತ್ತಾರೆ. ಒಂದು ದಿನ ಬಚ್ಚಲಿನಲ್ಲಿ ಕಾಲು ಜಾರುತ್ತದೆ. ಅಂದು ಲೆಕ್ಕ ಹಾಕಲು ಪುರುಸೊತ್ತಿರುವುದಿಲ್ಲ.

ಕನ್ನಡವನ್ನು ಕಲಿಸಿ ಬದುಕಿದವನು ನಾನು. ನಮ್ಮ ಜೈನ ಕಾವ್ಯಗಳಲ್ಲಿ ಅರಸನು ಕನ್ನಡಿಯಲ್ಲಿ ಒಂದು ನರೆಗೂದಲನ್ನು ಕಂಡೊಡನೆ ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಟುಹೋಗುತ್ತಾನೆ. ಆ ಪದ್ಯಗಳನ್ನು ತರಗತಿಯಲ್ಲಿ ಓದಿ ಹೇಳುವಾಗ, ಅರಣ್ಯದಲ್ಲಿ ಅವನಿಗೆ ನೀರು ಕಾಯಿಸಿ ಕೊಟ್ಟವರು ಯಾರು ಎಂದು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಯಯಾತಿಯ ಕತೆ ಬೇರೆ ಬಗೆಯದು. ಅವನು ತನ್ನ ಮುಪ್ಪನ್ನೇ ಕಿರಿಯ ಮಗನಾದ ಪುರುವಿಗೆ ದಾಟಿಸಿಬಿಟ್ಟ. ನಮಗೆ ಈ ಎರಡು ದಾರಿಗಳೂ ಇಲ್ಲ. ಕಾಡಿಗೆ ಹೋಗಲಾರೆವು, ಮುಪ್ಪನ್ನು ಕೊಟ್ಟುಬಿಡಲಾರೆವು. ಊರಿನಲ್ಲಿಯೇ ಇದ್ದು, ಇನ್ನೊಬ್ಬರ ಕೈಯ ಆಸರೆಯಲ್ಲಿ ಮರ್ಯಾದೆಯಿಂದ ಬಾಳಬೇಕು. ಅದಕ್ಕೆ ತಗಲುವ ವೆಚ್ಚ, ಅದಕ್ಕೆ ದೊರೆಯುವ ನೆರವು, ಇವೇ ಇಂದಿನ ಮಾತಿನ ವಿಷಯ.

ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಗೆ ಮಕ್ಕಳು ಊರು ಬಿಟ್ಟು ಹೋಗುವುದು ಹೊಸತಲ್ಲ. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಓದಿದವರೂ ಓದದವರೂ ಹೊಟ್ಟೆಪಾಡಿಗೆ ಮುಂಬಯಿಗೆ ಹೋಗುತ್ತಿದ್ದರು. ತಿಂಗಳಿಗೊಮ್ಮೆ ಮನಿಯಾರ್ಡರು ಬರುತ್ತಿತ್ತು. ಭಟ್ಕಳದ ಮನೆಗಳಿಂದ ಕೊಲ್ಲಿ ದೇಶಗಳಿಗೆ ಹೋದವರು ಬಹಳ ಮಂದಿ. ಘಟ್ಟದ ಬುಡದ ಅಡಕೆ ತೋಟದ ಮನೆಗಳ ಹುಡುಗರು ಈಗ ಬೆಂಗಳೂರಿನಲ್ಲಿದ್ದಾರೆ. ಆದರೆ ಅಂದಿಗೂ ಇಂದಿಗೂ ಒಂದು ಭೇದವಿದೆ. ಅಂದು ಮನೆಯಿಂದ ಹೋಗುತ್ತಿದ್ದವನು ಒಬ್ಬ. ಅವನ ಹೆಂಡತಿ, ತಮ್ಮ, ನಾದಿನಿ, ವಿಧವೆಯಾದ ಅತ್ತೆ ಊರಿನಲ್ಲಿಯೇ ಉಳಿಯುತ್ತಿದ್ದರು. ಇಂದು ಹೋಗುವುದು ಇಡೀ ಸಂಸಾರ. ಹಣ ಮೊದಲಿಗಿಂತ ಹೆಚ್ಚಾಗಿ ಬರುತ್ತದೆ, ಬೇಗನೆ ಬರುತ್ತದೆ. ಬಾರದೆ ಇರುವುದು ಕೈ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಈ ಮೂರೂ ಊರುಗಳಿಗೆ ನಿಲ್ದಾಣಗಳಾದುವು; ಮಕ್ಕಳು ಒಂದು ರಾತ್ರಿಯ ದೂರದಲ್ಲಿದ್ದಾರೆಂಬ ಸಮಾಧಾನ ಬಂತು. ಆದರೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕಾದವರಿಗೆ ಒಂದು ರಾತ್ರಿಯ ದೂರವೂ ದೂರವೇ.

ಆಸರೆ ಎಂದರೇನೆಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಬಾಣಂತಿಗೂ ರೋಗಿಗೂ ಮುದುಕರಿಗೂ ಮಾಡುವ ಸೇವೆಗೆ 'ಚಾಕರಿ' ಎಂಬ ಒಂದೇ ಮಾತಿದೆ. ಮಾತು ಒಂದಾದರೂ ಅದರೊಳಗೆ ಹಲವು ಅಳತೆಗಳಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಇದನ್ನು ಅಳೆಯಲು ಆರು ಪ್ರಶ್ನೆಗಳನ್ನಿಟ್ಟರು. ತಾನಾಗಿಯೇ ಮೀಯಬಲ್ಲರೇ, ಉಡಬಲ್ಲರೇ, ಶೌಚಕ್ಕೆ ಹೋಗಿಬರಬಲ್ಲರೇ, ಹಾಸಿಗೆಯಿಂದ ಏಳಬಲ್ಲರೇ, ಮಲಮೂತ್ರಗಳನ್ನು ತಡೆದುಕೊಳ್ಳಬಲ್ಲರೇ, ಉಣ್ಣಬಲ್ಲರೇ? ಜಗತ್ತಿನ ವೈದ್ಯರು ಇಂದಿಗೂ ಈ ಪ್ರಶ್ನೆಗಳನ್ನೇ ಕೇಳುತ್ತಾರೆ. ಆರಕ್ಕೂ ಹೌದೆನ್ನುವವರಿಗೆ ಬೇಕಾದುದು ಜೊತೆ ಮಾತ್ರ. ಒಂದೆರಡಕ್ಕೆ ಅಲ್ಲವೆನ್ನುವವರಿಗೆ ಬೆಳಗಿನ ಎರಡು ಗಂಟೆ, ಸಂಜೆಯ ಒಂದು ಗಂಟೆ ನೆರವು ಸಾಕು. ನಾಲ್ಕೈದಕ್ಕೆ ಅಲ್ಲವೆನ್ನುವವರಿಗೆ ಹಗಲಿರುಳೂ ಒಬ್ಬರು ಬಳಿಯಲ್ಲಿರಬೇಕು. ಎಷ್ಟು ವೆಚ್ಚ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಈ ಅಳತೆಯನ್ನು ಮಾಡಿದ ಮೇಲೆಯೇ.

ಈಗ ಒಂದು ಸಣ್ಣ ಗಣಿತ. ವಾರಕ್ಕೆ 168 ಗಂಟೆಗಳು. ಒಬ್ಬ ದುಡಿಮೆಗಾರ ವಾರಕ್ಕೆ 48 ಗಂಟೆ ದುಡಿದಾನು. ಆದುದರಿಂದ ಹಗಲಿರುಳು ಬಳಿಯಲ್ಲಿರುವ ಒಂದು ಜೊತೆ ಕೈ ಎಂದರೆ ವಾಸ್ತವದಲ್ಲಿ ಮೂರೂವರೆ ಜನ. ಎಂಟು ಗಂಟೆಯ ಒಂದು ಪಾಳಿಗೆ 500 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಮೂರು ಪಾಳಿಗೆ ದಿನಕ್ಕೆ 1,500, ತಿಂಗಳಿಗೆ 45,000 ರೂಪಾಯಿ. ಅನ್ನ, ಔಷಧ, ಬಟ್ಟೆ ಇದರಲ್ಲಿ ಸೇರಿಲ್ಲ. ಅದೇ ಬೆಳಗಿನ ಎರಡು ಗಂಟೆಯ ನೆರವಾದರೆ ತಿಂಗಳಿಗೆ 3,750 ರೂಪಾಯಿ. ಐದು ಮಂದಿ ಹಿರಿಯರು ಒಂದೇ ಸೂರಿನ ಕೆಳಗಿದ್ದು ಒಂದು ಪಾಳಿಗೆ ಒಬ್ಬರ ಸೇವೆಯನ್ನು ಹಂಚಿಕೊಂಡರೆ, ಹಗಲಿರುಳಿನ ಆರೈಕೆಗೆ ತಲಾ 9,000 ರೂಪಾಯಿ ಬೀಳುತ್ತದೆ. ಊರೂರಿಗೆ ಕೂಲಿಯ ದರ ಬೇರೆ. ಆದರೆ ಗಣಿತದ ಕ್ರಮ ಇದೇ. ನಗರಗಳಲ್ಲಿ ಈಗ ಹುಟ್ಟಿಕೊಂಡಿರುವ ಆಸರೆಯ ವಸತಿಗಳ ಗುಟ್ಟು ಇಷ್ಟೇ. ಅವು ಮಾರುವುದು ಕೋಣೆಯನ್ನಲ್ಲ, ಹಂಚಿಕೊಂಡ ಕೈಯನ್ನು.

ಈ 45,000 ರೂಪಾಯಿಯ ಲೆಕ್ಕವನ್ನು ಕೇಳಿ ಯಾರಾದರೂ, "ನಮ್ಮ ಮನೆಯಲ್ಲಿ ಇದಕ್ಕೆ ಒಂದು ಕಾಸೂ ಖರ್ಚಿಲ್ಲ" ಎಂದರೆ, ಆ ಮನೆಯಲ್ಲಿ ಒಬ್ಬ ಸೊಸೆಯೋ ಮಗಳೋ ಆ ಮೂರೂವರೆ ಜನರ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದಾಳೆಂದು ತಿಳಿಯಬೇಕು. ಅವಳಿಗೆ ರಜೆಯಿಲ್ಲ, ಬದಲಿಯಿಲ್ಲ. ತವರಿಗೆ ಹೋಗಬೇಕಾದರೆ ಯಾರನ್ನೋ ಬೇಡಬೇಕು. ಮುಪ್ಪಿನ ಆಯವ್ಯಯದಲ್ಲಿ ಮೊದಲು ಬರೆಯಬೇಕಾದುದು ಅವಳ ಹೆಸರು. ವಾರಕ್ಕೆ ಎರಡು ದಿನವಾದರೂ ಅವಳ ಕೈಗೆ ಬದಲಿ ಕೈಯೊಂದನ್ನು ಕೊಳ್ಳಲು ಹಣ ಕಳುಹಿಸುವ ಮಗ, ಗೋಡೆಗೆ ದೊಡ್ಡ ಟೀವಿ ತಂದು ತೂಗಿಸುವ ಮಗನಿಗಿಂತ ಬುದ್ಧಿವಂತನೆಂದು ನನಗೆ ತೋರುತ್ತದೆ.

ಇನ್ನು ವೃದ್ಧಾಶ್ರಮಗಳ ವಿಚಾರ. ಇದು ನಿನ್ನೆ ಮೊನ್ನೆಯ ಪಾಶ್ಚಾತ್ಯ ಗಾಳಿಯೆಂಬ ಮಾತು ಆಗಾಗ ಕೇಳಿಬರುತ್ತದೆ. 'ಬಡವರ ಕಿರಿಯ ಸೋದರಿಯರು' ಎಂಬ ಕ್ರೈಸ್ತ ಸಂನ್ಯಾಸಿನಿಯರು 1882ರಲ್ಲಿ ಕಲಕತ್ತೆಯಲ್ಲಿಯೂ 1900ರಲ್ಲಿ ಬೆಂಗಳೂರಿನಲ್ಲಿಯೂ ಇಂಥ ಮನೆಗಳನ್ನು ತೆರೆದರು. ನೂರು ವರ್ಷ ಮೀರಿದ ಸಂಸ್ಥೆಯನ್ನು ಹೊಸತೆನ್ನುವುದು ಹೇಗೆ? ಹೊಸತಾದುದು, ಹಣ ಕೊಟ್ಟು ಇರುವ ಮನೆಗಳು. ಇವುಗಳಲ್ಲಿ ನಡೆದಾಡುವವರನ್ನು ಮಾತ್ರ ಸೇರಿಸಿಕೊಳ್ಳುವವು ಕೆಲವು, ಮೀಯಿಸಿ ಉಡಿಸುವ ನೆರವು ಕೊಡುವವು ಕೆಲವು, ಹಾಸಿಗೆ ಹಿಡಿದವರನ್ನೂ ಮರೆವಿನ ರೋಗದವರನ್ನೂ ನೋಡಿಕೊಳ್ಳುವವು ಕೆಲವು. ಹೆಸರು ಮೂರಕ್ಕೂ ಒಂದೇ ಇರಬಹುದು. ಆದುದರಿಂದ ಠೇವಣಿ ಕಟ್ಟುವ ಮೊದಲು ಕೆಲವು ಮಾತುಗಳನ್ನು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಬೇಕು. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಔಷಧ ಮತ್ತು ಆಸ್ಪತ್ರೆಯ ಖರ್ಚು ಬೇರೆಯೇ? ವರ್ಷಕ್ಕೆ ಎಷ್ಟು ಏರಿಸುತ್ತಾರೆ? ಹಾಸಿಗೆ ಹಿಡಿದರೆ ಇರಿಸಿಕೊಳ್ಳುತ್ತಾರೆಯೇ, ಮನೆಗೆ ಕಳುಹಿಸುತ್ತಾರೆಯೇ? ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಠೇವಣಿ ಯಾರಿಗೆ, ಎಷ್ಟು ದಿನದೊಳಗೆ ಹಿಂದಿರುಗುತ್ತದೆ? ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿಗೆ ಒಬ್ಬರು ಇರುತ್ತಾರೆ? ಒಂದು ತಿಂಗಳು ಇದ್ದು ನೋಡಲು ಅವಕಾಶವಿದೆಯೇ? ಕೊನೆಯ ಪ್ರಶ್ನೆಗೆ ಇಲ್ಲವೆಂದರೆ ಎದ್ದುಬರುವುದು ಲೇಸು.

ಶುಲ್ಕದ ಏರಿಕೆಯನ್ನು ಹಗುರಾಗಿ ಎಣಿಸಬಾರದು. ವರ್ಷಕ್ಕೆ ಶೇಕಡಾ ಆರರಂತೆ ಏರುವ ಯಾವ ವೆಚ್ಚವೂ ಹನ್ನೆರಡು ವರ್ಷಕ್ಕೆ ಇಮ್ಮಡಿಯಾಗುತ್ತದೆ. 65ನೆಯ ವಯಸ್ಸಿನಲ್ಲಿ 15,000 ರೂಪಾಯಿಗೆ ಸಾಗುತ್ತಿದ್ದ ಬಾಳು 77ನೆಯ ವಯಸ್ಸಿನಲ್ಲಿ 30,000 ಬೇಡುತ್ತದೆ. ಆರೈಕೆ ಹೆಚ್ಚು ಬೇಕಾಗುವುದೂ ಆ ವಯಸ್ಸಿನಲ್ಲಿಯೇ.

ನಗರದ ವಸತಿಗೆ ಹೋಗುವ ನಮ್ಮ ಕರಾವಳಿಯವರು ಶುಲ್ಕದ ಜೊತೆಗೆ ಇನ್ನೊಂದು ಬೆಲೆಯನ್ನೂ ತೆರುತ್ತಾರೆ. ನವಾಯತಿಯನ್ನೋ ಕೊಂಕಣಿಯನ್ನೋ ಹವಿಗನ್ನಡವನ್ನೋ ಆಡಿ ಎಪ್ಪತ್ತು ವರ್ಷ ಕಳೆದವರಿಗೆ ಅಲ್ಲಿ ಆ ನುಡಿಯ ಕಿವಿಗಳಿಲ್ಲ. ಮೀನಿನ ಸಾರಿಲ್ಲದೆ ಅನ್ನ ಇಳಿಯದವರಿಗೆ ಮೀನಿಲ್ಲ. ಮರೆವಿನ ರೋಗ ಬಂದವರು ಕಡೆಗೆ ಉಳಿಸಿಕೊಳ್ಳುವುದು ಬಾಲ್ಯದ ನುಡಿಯನ್ನು. ಅದನ್ನು ಅರಿಯದವರ ನಡುವೆ ಅವರು ನೀರು ಬೇಕೆಂದು ಕೇಳಿದರೂ ತಿಳಿಯುವವರಿಲ್ಲ. ಆದುದರಿಂದ ಸಾಧ್ಯವಿದ್ದಷ್ಟು ಕಾಲ ಊರಿನಲ್ಲಿಯೇ ಇರುವಂತೆ ಮನೆಯನ್ನು ಅಣಿಗೊಳಿಸುವುದು ಅತ್ಯಂತ ಅಗ್ಗದ ಉಪಾಯ. ನಮ್ಮ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲು ದೂರ. ಮಳೆಗಾಲದಲ್ಲಿ ಅಂಗಳದ ತುಂಬ ಹಾವಸೆ. ಅಡಕೆಯ ದಬ್ಬೆ ಹಾಸಿ ದಾರಿ ಮಾಡುವ ಜಾಣ್ಮೆ ನಮ್ಮ ಹಿರಿಯರಿಗಿತ್ತು. ಅದರ ಜೊತೆಗೆ ಬಚ್ಚಲಿನ ಗೋಡೆಗೆ ಹಿಡಿಕೆಯ ಸರಳು, ಮಲಗುವ ಕೋಣೆಯ ಬಳಿಯಲ್ಲಿ ಕುಳಿತುಕೊಳ್ಳುವ ಶೌಚಾಲಯ, ರಾತ್ರಿ ಉರಿಯುವ ಒಂದು ಮಂದ ದೀಪ ಇಷ್ಟಾದರೆ ಎಷ್ಟೋ ತೊಡೆಮೂಳೆಗಳು ಉಳಿಯುತ್ತವೆ. ಮೂಳೆ ಮುರಿದ ಮೇಲಿನ ಒಂದು ಶಸ್ತ್ರಚಿಕಿತ್ಸೆಯ ವೆಚ್ಚದ ಮುಂದೆ ಇವುಗಳ ವೆಚ್ಚ ಏನೂ ಅಲ್ಲ.

ಈಗ ಆಯದ ಕಡೆಗೆ ಬರೋಣ. 65 ದಾಟಿದ ಬಡವರಿಗೆ ಕರ್ನಾಟಕ ಸರಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ದಿನಕ್ಕೆ ನಲವತ್ತು ರೂಪಾಯಿ. ಇದರಿಂದ ಆರೈಕೆ ಕೊಳ್ಳಲಾಗದು. ಆದರೂ ಕೂಲಿ ಮಾಡಿ ಬಾಳಿದ ಮುದುಕಿಗೆ ತನ್ನದೆನ್ನುವ ನಾಲ್ಕು ಕಾಸಿನ ಬೆಲೆ ಬಲ್ಲವರೇ ಬಲ್ಲರು. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಮನೆಯ ಯಜಮಾನಿಯೆಂದು ಪಡಿತರ ಚೀಟಿಯಲ್ಲಿ ಅತ್ತೆಯ ಹೆಸರಿದ್ದರೆ 2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೆ ಹೋಗುತ್ತದೆ. ಅದೇ ವರ್ಷದ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಆಸ್ಪತ್ರೆಗೆ ಹೋಗಲು ಮಗನ ಮುಖ ನೋಡಬೇಕಾಗಿದ್ದ ಎಷ್ಟೋ ತಾಯಂದಿರು ಇದರಿಂದ ತಾವಾಗಿ ಹೊರಟಿದ್ದಾರೆ. ಉಳಿತಾಯ ಮಾಡಿದ ಮಧ್ಯಮ ವರ್ಗದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. 2023ರ ಏಪ್ರಿಲಿನಲ್ಲಿ ನಿಗದಿಯಾದ ಶೇಕಡಾ 8.2ರ ದರದಲ್ಲಿ ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. ಬೆಳಗಿನ ಎರಡು ಗಂಟೆಯ ನೆರವಿಗೆ ಇದು ಸಾಕಾಗಿ ಮಿಗುತ್ತದೆ. ಹಗಲಿರುಳಿನ ಆರೈಕೆಗೆ ಸಾಲದು.

ಚಿಕಿತ್ಸೆ ಬೇರೆ, ಆರೈಕೆ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 2018ರಿಂದ ನಡೆದುಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುತ್ತದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೀಯಿಸಲು, ಮಗ್ಗುಲು ಹೊರಳಿಸಲು ಅದರಲ್ಲಿ ಹಣವಿಲ್ಲ. ಖಾಸಗಿ ವಿಮೆಯ ಕತೆಯೂ ಬಹುಮಟ್ಟಿಗೆ ಇದೇ. ನಮ್ಮವರಿಗೆ ಆಸ್ಪತ್ರೆಯೂ ಹತ್ತಿರವಿಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲವೇ ಗತಿಯೆಂದು ನಂಬಿದವರು ನಾವು. ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟೆಯಿಂದ ಸುಮಾರು 150. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲುಗೇಟಿನ ಬಳಿ ಮಗುಚಿ ನಾಲ್ವರು ತೀರಿಕೊಂಡುದನ್ನು ಈ ಕರಾವಳಿ ಮರೆತಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಇನ್ನಷ್ಟು ಬಲವಾಯಿತು. ಮುಪ್ಪಿನ ಆಯವ್ಯಯದಲ್ಲಿ ಪ್ರಯಾಣದ ವೆಚ್ಚಕ್ಕೂ ಒಂದು ಸಾಲು ಬಿಡಬೇಕಾದುದು ಇದಕ್ಕಾಗಿಯೇ.

ಇನ್ನು ಕಾನೂನು. ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ 2007ರಲ್ಲಿ ಬಂತು. 60 ತುಂಬಿದ, ತನ್ನ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಬಾಳಲಾರದ ಯಾರೂ ಮಕ್ಕಳಿಂದ ಪೋಷಣೆ ಕೇಳಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿಗೆ ಬಾಧ್ಯರಾಗುವ ನೆಂಟರಿಂದ ಕೇಳಬಹುದು. ಕೇಳಬೇಕಾದುದು ಉಪವಿಭಾಗದ ಸಹಾಯಕ ಆಯುಕ್ತರಲ್ಲಿ; ಭಟ್ಕಳ, ಹೊನ್ನಾವರದವರಿಗೆ ಭಟ್ಕಳದಲ್ಲಿ, ಕುಮಟೆಯವರಿಗೆ ಕುಮಟೆಯಲ್ಲಿ. ವಕೀಲರನ್ನು ಹಿಡಿಯಬೇಕಾಗಿಲ್ಲ. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕು, ಅಪವಾದವಾಗಿ ಇನ್ನೂ 30 ದಿನ. ಕಾಯಿದೆಯ ಪ್ರಕಾರ ಕೊಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ನಿರ್ಗತಿಕರಾದ 150 ಮಂದಿಗೆ ಎಡೆಯಿರುವ ವೃದ್ಧಾಶ್ರಮವನ್ನು ಜಿಲ್ಲೆಗೊಂದರಂತೆ ಸರಕಾರ ಸ್ಥಾಪಿಸಬಹುದೆಂದೂ ಅದರಲ್ಲಿದೆ. ಆ 'ಬಹುದು' ಎಂಬ ಕ್ರಿಯಾಪದವನ್ನು 'ಬೇಕು' ಎಂದು ಮಾಡಿಸುವ ಕೆಲಸ ವ್ಯಾಕರಣದವರದಲ್ಲ, ಮತ ಹಾಕುವವರದು.

ಈ ಕಾಯಿದೆಯ 23ನೆಯ ಕಲಮನ್ನು ಮಾತ್ರ ಪ್ರತಿಯೊಬ್ಬ ಹಿರಿಯರೂ ತಿಳಿದಿರಬೇಕು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನವಾಗಿಯೋ ಬೇರೆ ರೀತಿಯಲ್ಲಿಯೋ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ಆದರೆ ಷರತ್ತು ಇತ್ತೆಂಬುದು ತೋರಿಬರಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು, ಹಿರಿಯರ ರಕ್ಷಣೆಗಾಗಿ ಬಂದ ಈ ಕಾಯಿದೆಯನ್ನು ಉದಾರವಾಗಿ ಅರ್ಥಮಾಡಬೇಕೆಂದಿತು. ಕೋರ್ಟಿನ ಔದಾರ್ಯವನ್ನು ನೆಚ್ಚುವುದಕ್ಕಿಂತ ಪತ್ರದಲ್ಲಿಯೇ ಒಂದು ಸಾಲು ಬರೆಸುವುದು ಸುಲಭ. ತೆಂಗಿನ ತೋಟವನ್ನೂ ಮನೆಯನ್ನೂ ಪ್ರೀತಿಯಿಂದ ಬರೆದುಕೊಟ್ಟು, ಅದೇ ಮನೆಯ ಜಗಲಿಯಲ್ಲಿ ಅತಿಥಿಯಂತೆ ಕುಳಿತವರನ್ನು ನಾನು ಕಂಡಿದ್ದೇನೆ. ಮಕ್ಕಳು ಕೆಟ್ಟವರೆಂದಲ್ಲ, ಹಕ್ಕು ಕೈಬಿಟ್ಟ ಮೇಲೆ ಮಾತಿಗೆ ತೂಕ ಕಡಿಮೆಯಾಗುವುದು ಲೋಕದ ರೀತಿ. ಕೊಡಲೇಬೇಕೆಂದಿದ್ದರೆ ಉಯಿಲು ಬರೆಯಿರಿ. ಬದುಕಿರುವವರೆಗೆ ಅದನ್ನು ಬದಲಿಸಬಹುದು.

ದಾರಿ ತೋಚದ ಹೊತ್ತಿಗೆ 14567 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2021ರಿಂದ ದೇಶಾದ್ಯಂತ ನಡೆಯುತ್ತಿರುವ ಹಿರಿಯರ ಸಹಾಯವಾಣಿ ಅದು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಕರೆಗೆ ಹಣವಿಲ್ಲ. ಪಿಂಚಣಿ, ಕಾನೂನು, ವೃದ್ಧಾಶ್ರಮ, ಬಿಟ್ಟುಹೋದ ಮುದುಕರ ರಕ್ಷಣೆ ಎಲ್ಲಕ್ಕೂ ಅಲ್ಲಿ ಕೇಳಬಹುದು.

ಹೊರಗಿನವರು ಏನು ಮಾಡಿದ್ದಾರೆಂದು ನೋಡುವುದು ಅನುಚಿತವಲ್ಲ. ಜಪಾನಿನಲ್ಲಿ 2000ದ ಏಪ್ರಿಲಿನಿಂದ ನಲವತ್ತು ದಾಟಿದ ಪ್ರತಿಯೊಬ್ಬರೂ ಮುಪ್ಪಿನ ಆರೈಕೆಗೆಂದು ಕಡ್ಡಾಯವಾಗಿ ವಿಮೆ ಕಟ್ಟುತ್ತಾರೆ. ಆರೈಕೆ ಬೇಕಾದಾಗ ಹೆಚ್ಚಿನವರು ವೆಚ್ಚದ ಹತ್ತನೆಯ ಒಂದು ಪಾಲನ್ನು ಮಾತ್ರ ಕೊಡುತ್ತಾರೆ. ಅಷ್ಟು ದೂರ ಹೋಗಲಾರೆವೆಂದರೆ ನೆರೆಯ ಕೇರಳವಿದೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಮೊದಲಾದ ನೋವುಶಮನದ ಒಂದು ಚಿಕಿತ್ಸಾಲಯ ಮುಂದೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲ ಸಾಮಾನ್ಯರು ತರಬೇತಿ ಪಡೆದು, ದಾದಿಯೊಡನೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಅದಕ್ಕೆ ನೀತಿಯ ರೂಪ ಕೊಟ್ಟಿತು. ಪಂಚಾಯತಿಗಳು ಕೈ ಜೋಡಿಸಿದುವು.

ನಮ್ಮ ಮೂರು ತಾಲೂಕುಗಳಿಗೆ ಇದು ಅಸಾಧ್ಯವೆಂದು ನನಗೆ ತೋರುವುದಿಲ್ಲ. ಶಾಲೆ ಕಾಲೇಜುಗಳನ್ನು ಊರವರೇ ಸೇರಿ ಕಟ್ಟಿದ ಸೀಮೆಯಿದು. ದೇವಾಲಯ, ಮಸೀದಿ, ಇಗರ್ಜಿಗಳ ಬಳಿ ಸಭಾಭವನಗಳಿವೆ. ಮದುವೆಯಿಲ್ಲದ ದಿನ ಅವು ಖಾಲಿ. ಅಂಥ ಒಂದು ಭವನದಲ್ಲಿ ಹಗಲು ಹೊತ್ತು ಇಪ್ಪತ್ತು ಮಂದಿ ಹಿರಿಯರು ಕೂಡಿ ಉಂಡು, ಮಾತಾಡಿ, ಸಂಜೆ ತಮ್ಮ ಮನೆಗೆ ಹಿಂದಿರುಗುವಂತಾದರೆ, ಇಪ್ಪತ್ತು ಮನೆಗಳ ಹೆಂಗಸರಿಗೆ ಹಗಲು ಬಿಡುವಾಗುತ್ತದೆ. ಒಂದು ಕೇರಿಯ ನಾಲ್ಕು ಮನೆಗಳು ಸೇರಿ ತರಬೇತಿ ಪಡೆದ ಒಬ್ಬ ಆರೈಕೆಗಾರ್ತಿಗೆ ನ್ಯಾಯವಾದ ಸಂಬಳ ಕೊಟ್ಟರೆ, ಅವಳಿಗೂ ಊರು ಬಿಡದೆ ಒಂದು ಉದ್ಯೋಗವಾಗುತ್ತದೆ. ಕೈಯನ್ನು ಹಂಚಿಕೊಳ್ಳುವ ಗಣಿತವನ್ನು ನಗರದ ವ್ಯಾಪಾರಿಗಳು ಕಲಿತರು, ನೆರೆಹೊರೆಯವರು ಕಲಿಯಬಾರದೆಂದಿಲ್ಲ.

ಚೌತಿಗೆ, ಈದ್‌ಗೆ, ಕ್ರಿಸ್ಮಸ್ಸಿಗೆ ನಮ್ಮ ಮಕ್ಕಳು ಊರಿಗೆ ಬರುತ್ತಾರೆ. ಬಂದ ದಿನ ಈ ಮಾತು ಬೇಡ. ಹಬ್ಬ ಮುಗಿದು ರೈಲಿಗೆ ಹೊರಡುವ ಹಿಂದಿನ ಸಂಜೆ, ಎಲ್ಲರೂ ಕುಳಿತು ಒಂದು ಹಾಳೆಯ ಮೇಲೆ ಎರಡು ಕಲಮು ಎಳೆಯಿರಿ. ಇತ್ತ ಏನು ಬೇಕಾದೀತು, ಅತ್ತ ಏನಿದೆ. ಕೆಳಗೆ ಯಾರು ಯಾವುದನ್ನು ಹೊರುವರು. ಆ ಹಾಳೆಯನ್ನು ತಂದೆಯೋ ತಾಯಿಯೋ ತಮ್ಮ ಕೈಯಿಂದಲೇ ಬರೆಯಲಿ. ಬರೆಯುವ ಕೈ ಅವರದಾಗಿರುವಾಗಲೇ ಅದು ಆಗಬೇಕು.